ಹಲಗೆಯ ಕೆಳಗಿನ ಮೀನು

ಅಕ್ವೇರಿಯಂನ ಮೂಲೆ ಸೋರತೊಡಗಿದ್ದರಿಂದ ನಾಗಭೂಷಣ್ ಎರಡಡಿ ಉದ್ದದ ಅರೋವಾನಾ ಮೀನನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ನೀರಿನ ಸಮೇತ ಹೊತ್ತು ತಂದು ಬಚ್ಚಲಿನ ತೊಟ್ಟಿಗೆ ಬಿಟ್ಟು, ಗಾಳಿ ಪಂಪಿನ ಕೊಳವೆಯನ್ನೂ ನೀರಿಗೆ ಇಳಿಬಿಟ್ಟರು.

"ಇದು ಹಾರೋ ಜಾತಿ ಕಣೇ. ನೆಲಕ್ಕೆ ಬಿದ್ರೆ ಮುಗೀತು," ಎಂದು ತೊಟ್ಟಿಗೆ ಹಲಗೆ ಮುಚ್ಚಿ, ಅದರ ಮೇಲೆ ಹೆಂಡತಿ ಜಗದಾಂಬಾಳನ್ನು ಕೂರಿಸಿದರು.

"ಭಾರಕ್ಕೆ ನಾನೇ ಬೇಕಿತ್ತಾ?"

"ನಿನ್ನಷ್ಟು ಇನ್ಯಾರಿದಾರೆ?" ಎನ್ನುತ್ತ ಅವರು ಗಾಜಿಗೆ ಅಂಟು ಹಚ್ಚಲು ಹಾಲಿಗೆ ಹೋದರು.

ಬಸವೇಶ್ವರನಗರದ ಆ ಮನೆಯೊಳಗೆ ಮೊಟ್ಟೆಗೂ ಪ್ರವೇಶವಿರಲಿಲ್ಲ. ವಾಸ್ತುವಿನ ಶಿಫಾರಸಿನ ಮೇಲೆ ಮೀನಿಗೆ ಮಾತ್ರ ಸಿಕ್ಕಿತ್ತು. ಗಾಜಿನಾಚೆಯಿಂದ ದಿನವೂ ಅದರೊಂದಿಗೆ ಹರಟುತ್ತಿದ್ದ ಜಗದಾಂಬಾ ಒಮ್ಮೆಯೂ ಅದನ್ನು ಮುಟ್ಟಿದವಳಲ್ಲ. ಈಗ ಅದು ಕೆಳಗಿನಿಂದ ಢಬ್ಬೆಂದು ಗುದ್ದಿದಾಗಲೆಲ್ಲ ಹೆದರಿ ಇನ್ನಷ್ಟು ಭಾರ ಬಿಟ್ಟು ಕೂತಳು.

ಗುದ್ದು ನಿಂತಿತು. ಅದು ಇನ್ನೂ ಭಯಂಕರವಾಗಿತ್ತು.

"ರೀ, ಗುಳುಗುಳು ಸದ್ದೂ ಕೇಳ್ತಿಲ್ಲ!"

"ಗಾಳಿ ಪಂಪು ಓಡ್ತಾನೇ ಇದೆಯಲ್ಲೇ. ಏಳ್ಬೇಡ, ಹಾರತ್ತೆ!"

ಪಂಪೇನೋ ಕಿಟಕಿಯಲ್ಲಿ ಗುಂಯ್‌ಗುಡುತ್ತಿತ್ತು. ಅದರ ಕೊಳವೆಯನ್ನು ಅವಳು ಕಣ್ಣಲ್ಲೇ ಹಿಂಬಾಲಿಸಿದಳು. ತೊಟ್ಟಿಯ ಅಂಚಿನಲ್ಲಿ, ಹಲಗೆಯಡಿ, ಸರಿಯಾಗಿ ಅವಳ ಭಾರಕ್ಕೇ ಸಿಕ್ಕಿ ಕೊಳವೆ ಅಪ್ಪಚ್ಚಿಯಾಗಿತ್ತು.

ಎದ್ದು ಹಲಗೆ ಸರಿಸಿದಳು. ಮೀನು ಒಂದು ಮಗ್ಗುಲಿಗೆ ವಾಲಿ ತೇಲುತ್ತಿತ್ತು. "ಶಿವನೇ!" ಎಂದವಳು ಎರಡೂ ಕೈ ನೀರಿಗಿಳಿಸಿ, ಆ ಲೋಳೆ ಮೈಯನ್ನು ನೆಟ್ಟಗೆ ಹಿಡಿದು, ಮತ್ತೆ ಏಳತೊಡಗಿದ ಗುಳ್ಳೆಗಳತ್ತ ಒಯ್ದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಿವಿರು ಒಮ್ಮೆ ತೆರೆದು ಮುಚ್ಚಿತು. ಇನ್ನೊಮ್ಮೆ.

"ಎದ್ಬಿಟ್ಯೇನೇ?" ಎಂದು ಬಾಗಿಲಿಗೆ ಬಂದ ನಾಗಭೂಷಣ್ ಅಲ್ಲೇ ನಿಂತುಬಿಟ್ಟರು.

"ಸುಮ್ನಿರಿ. ಉಸಿರಾಡ್ತಿದೆ," ಎಂದಳು. ಕೈ ಮಾತ್ರ ತೆಗೆಯಲಿಲ್ಲ.