ಗಂಜಿ ಬಿಟ್ಟ ಬಟ್ಟೆ

ಮಗಳು ಟ್ರಂಕನ್ನು ಕಾಲಿನಿಂದಲೇ ಮಂಚದಡಿಗೆ ತಳ್ಳಿದಳು.

"ಏನ್ ಹುಡುಕ್ತಿದ್ದೀರಾ ಸಾರ್?"

ಮೊಣಕಾಲೂರಿ ಬಗ್ಗಿದ್ದ ಮುದುಕ ಸೊಂಟ ಹಿಡಿದುಕೊಂಡು ಎದ್ದ. "ನೀರು ಬೇಕಿತ್ತಮ್ಮ."

"ನೀರು ಅಡುಗೆಮನೇಲಿರುತ್ತೆ. ಮಂಚದ ಕೆಳಗಲ್ಲ."

ಆತ ನಕ್ಕಂತೆ ಮಾಡಿ ಹೊರಗೆ ಹೋದ. ಹೊರಕೋಣೆಯಲ್ಲಿ ಅವಳ ತಾಯಿಯ ದೇಹವಿತ್ತು. ವಾಹನ ಬರಲು ಇನ್ನೂ ಒಂದು ಗಂಟೆಯಿತ್ತು. ಆತ ಯಾರೆಂದು ಮಗಳಿಗೆ ನಡಿಗೆಯಲ್ಲೇ ಗೊತ್ತಾಗಿತ್ತು. ವಿಮಾನ ಕಾರ್ಖಾನೆಯ ಭದ್ರತಾ ಅಧಿಕಾರಿ. ಕೆಲಸಗಾರರ ಬಾಯಲ್ಲಿ ಗೂಬೆ ಸಾಹೇಬ. ಅವಳಿಗೆ ಆರು ವರ್ಷವಾಗಿದ್ದಾಗ ಇದೇ ಮನೆಯ ಹಾಸಿಗೆ ಹರಿದು, ಹತ್ತಿಯೆಲ್ಲ ಹರಡಿ, ಏನೂ ಸಿಗದೆ ಹೋಗಿದ್ದವನು. ನಲವತ್ತು ವರ್ಷದ ಮೇಲೆ ಹೂವಿನ ಹಾರ ಹಿಡಿದು ಮತ್ತೆ ಮಂಚದ ಕೆಳಗೆ ಬಗ್ಗಿದ್ದಾನೆ.

ಹಾಗಾದರೆ ಹುಡುಕುವಂಥದ್ದು ಏನೋ ಇದೆ. ಅಮ್ಮ ನಿಜಕ್ಕೂ ಆ ವಿಮಾನದ ನಕ್ಷೆ ಮಾರಿದ್ದಳೇ? ದೇಹ ಹೊಸ್ತಿಲು ದಾಟುವುದರೊಳಗೆ ಅವಳಿಗೆ ಅದು ತಿಳಿಯಬೇಕಿತ್ತು. ಆಮೇಲೆ ಯಾರನ್ನು ಕೇಳುವುದು?

*

ಆ ವಿಮಾನಕ್ಕೆ ಬಾಲವಿರಲಿಲ್ಲ. ಮೈಯೇ ರೆಕ್ಕೆ, ರೆಕ್ಕೆಯೇ ಮೈ. "ಗಾಳಿಪಟಕ್ಕಾದ್ರೂ ಬಾಲ ಇರುತ್ತಲ್ಲ ಸಾರ್" ಎಂದು ತಾಯಿ ಕೇಳಿದ್ದಕ್ಕೆ ವಿನ್ಯಾಸ ಮಾಡಿದಾತ ಎರಡು ದಿನ ಅವಳೊಡನೆ ಮಾತು ಬಿಟ್ಟಿದ್ದನಂತೆ.

ಆತ ಪೆನ್ಸಿಲಿನಲ್ಲಿ ಬರೆದದ್ದನ್ನು ತಾಯಿಯೂ ಸೇರಿ ಎಂಟು ಜನ ಹೆಂಗಸರು ಶಾಯಿಯಲ್ಲಿ ತಿದ್ದಿ ತೆಗೆಯುತ್ತಿದ್ದರು. ತಿದ್ದುವುದು ಕಾಗದದ ಮೇಲಲ್ಲ. ಗಂಜಿ ಹಾಕಿ ಗಾಜಿನ ಹಾಗೆ ಕೆಳಗಿನ ಗೆರೆ ಕಾಣುವಂತೆ ಮಾಡಿದ ನವಿರಾದ ಹತ್ತಿಬಟ್ಟೆಯ ಮೇಲೆ. ಆ ಕೋಣೆಯಲ್ಲಿ ಯಾರೂ ಅದನ್ನು ನಕ್ಷೆ ಎನ್ನುತ್ತಿರಲಿಲ್ಲ. "ಬಟ್ಟೆ ಆಯ್ತಾ?" "ಬಟ್ಟೆ ಕೊಡಿ." ಹಣೆಯ ಬೆವರು ಒಂದು ಹನಿ ಬಿದ್ದರೂ ಗಂಜಿ ಎದ್ದು ಬಟ್ಟೆ ಕೆಡುತ್ತಿತ್ತು. ಕೆಟ್ಟದ್ದನ್ನು ಗೂಬೆ ಸಾಹೇಬನಿಗೆ ಒಪ್ಪಿಸಬೇಕು. ಆತ ಹಿಂಬದಿಗೆ ಮುದ್ರೆಯೊತ್ತಿ, ಕುಲುಮೆಯ ಪಕ್ಕ ನಿಂತು, ಅದು ಬೂದಿಯಾಗುವವರೆಗೆ ನೋಡಬೇಕು.

ತಾಯಿ ತಿದ್ದುತ್ತಿದ್ದ ರೆಕ್ಕೆಯ ಒಂದು ಬಟ್ಟೆ ಕೆಟ್ಟಿತು. ಮರುತಿಂಗಳು ಬೇರೊಂದು ದೇಶದ ಬಾಲವಿಲ್ಲದ ವಿಮಾನದ ಚಿತ್ರ ಪತ್ರಿಕೆಯಲ್ಲಿ ಬಂತು. ಗಾಳಿಗೆ ಎಲ್ಲ ದೇಶದಲ್ಲೂ ಒಂದೇ ನಿಯಮ, ಇಬ್ಬರಿಗೂ ಒಂದೇ ಯೋಚನೆ ಬಂದಿರಬಹುದು ಎಂದು ವಿನ್ಯಾಸಕಾರ ಹೇಳಿದ. ಯಾರೂ ಕೇಳಲಿಲ್ಲ. ಕೆಟ್ಟ ಬಟ್ಟೆ ಎಲ್ಲಿ ಹೋಯಿತೆಂದು ವಿಚಾರಣೆ ನಡೆಯಿತು.

"ಸಾಹೇಬರಿಗೆ ಒಪ್ಪಿಸಿದೆ. ಸುಟ್ಟಾಯ್ತು" ಎಂದಳು ತಾಯಿ.

"ಆ ಬಟ್ಟೆ ನನ್ನ ಹತ್ತಿರ ಬರಲೇ ಇಲ್ಲ" ಎಂದು ಗೂಬೆ ಸಾಹೇಬ ಬರೆದುಕೊಟ್ಟ.

ರುಜುವಾತು ಸಿಗಲಿಲ್ಲ, ಸಂಶಯ ಹೋಗಲಿಲ್ಲ. ಕೂದಲೆಳೆಯಂಥ ಗೆರೆ ಎಳೆಯುತ್ತಿದ್ದ ಕೈ ಉಗ್ರಾಣದಲ್ಲಿ ಇಪ್ಪತ್ತೆರಡು ವರ್ಷ ನಟ್ಟು ಬೋಲ್ಟು ಎಣಿಸಿತು. ವಿಮಾನ ನಾಲ್ಕು ಸಲ ಹಾರಿ ಮೂಲೆಗೆ ಬಿತ್ತು. ಬೀದಿಯಲ್ಲಿ ಮಾತ್ರ ಅದು ಹಾರುತ್ತಲೇ ಇತ್ತು: "ವಿಮಾನ ಮಾರಿದೋಳು."

ಹದಿನಾರರಲ್ಲಿ ಮಗಳು ಒಮ್ಮೆ ಕೇಳಿದ್ದಳು. "ನಿಜ ಹೇಳಮ್ಮ. ಮಾರಿದ್ಯಾ?"

ತಾಯಿ ಹೊಲಿಗೆಯ ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿದಳು. "ಸೂಜಿಗೆ ದಾರ ಪೋಣಿಸು. ಕಣ್ಣು ಕಾಣಲ್ಲ."

ಮಗಳು ಮತ್ತೆ ಕೇಳಲಿಲ್ಲ, ತಾಯಿಯನ್ನು ನಂಬಲೂ ಇಲ್ಲ.

*

ಗೂಬೆ ಸಾಹೇಬ ನೀರು ಕುಡಿದು ಲೋಟ ಇಡುತ್ತ ದನಿ ತಗ್ಗಿಸಿದ. "ನಿಮ್ಮಮ್ಮ ಯಾವ್ದಾದ್ರೂ ಬಟ್ಟೆ ಜೋಪಾನ ಮಾಡಿದ್ರಾ? ಹಳೇದು, ತೆಳ್ಳಗಿರೋದು?"

ಮಗಳಿಗೆ ಏನೋ ಚುಚ್ಚಿದಂತಾಯಿತು. ಇಷ್ಟು ವರ್ಷ ಎಲ್ಲರೂ ಕೇಳಿದ್ದು ಯಾರಿಗೆ ಕೊಟ್ಟೆ ಎಂದು. ಕೊಟ್ಟದ್ದು ಮನೆಯಲ್ಲಿರುವುದಿಲ್ಲ. ಈತನೊಬ್ಬ ಅದು ಇಲ್ಲೇ ಇದೆಯೇ ಎಂದು ಕೇಳುತ್ತಿದ್ದಾನೆ.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು," ಎಂದು ಬಾಗಿಲಿಗೆ ಒರಗಿದ್ದ ಚಿಕ್ಕಮ್ಮನ ಮಗ ಗೊಣಗಿದ. ಬಾಗಿಲು ಪೂರ್ತಿ ತುಂಬಿಕೊಳ್ಳುವಂಥ ಆಳು, ಮನೆಯವರಿಗೆಲ್ಲ ಡುಮ್ಮ. "ಯಾರೂ ಕಳ್ಳ ಅಂದೇ ಇಲ್ವಲ್ಲ ಇನ್ನೂ."

ಚಿಕ್ಕಮ್ಮ ನಗಲಿಲ್ಲ. ಮಗಳ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದು, ಬಾಗಿಲು ಮುಂದೆ ಮಾಡಿ, ಕೈಚೀಲದಿಂದ ಒಂದು ಕೂಸಿನ ಅಂಗಿ ತೆಗೆದಳು. ಅಂಗೈಯಗಲದ್ದು. ಈರುಳ್ಳಿ ಸಿಪ್ಪೆಯಂತೆ ಹಗುರ.

"ಅಕ್ಕನ ಜೊತೆ ಕಳಿಸಿಬಿಡೋಣ ಅಂತ ತಂದೆ ಕಣೇ. ನಮ್ಮ ಡುಮ್ಮ ಏಳು ತಿಂಗಳಿಗೇ ಹುಟ್ಟಿದ. ಯಾವ ಬಟ್ಟೆ ಹಾಕಿದ್ರೂ ಮೈ ಸುಲಿಯೋದು. ನಿಮ್ಮಮ್ಮ ಇದರ ಬಟ್ಟೇನ ಕಾರ್ಖಾನೆಯಿಂದ ಸೀರೆಯೊಳಗೆ ಸುತ್ಕೊಂಡು ಬಂದ್ಲು."

"ಅಂದ್ರೆ ಕದ್ದಿದ್ದು ನಿಜ."

"ಬಟ್ಟೆ ಕದ್ದಳಮ್ಮ. ವಿಮಾನಾನ ಬಕೆಟ್ಟಲ್ಲಿ ತೊಳೆದು ಚೆಲ್ಲಿದ್ಲು! ಬಿಸಿನೀರಿಗೆ ಹಾಕಿದ್ದೇ ಗಂಜಿ ಬಿಡ್ತು, ಅದರ ಜೊತೆ ಗೆರೆ, ಅಂಕಿ, ರೆಕ್ಕೆ ಎಲ್ಲ ಹೋಯ್ತು. ನೀರು ಕಾಡಿಗೆ ಆಗಿತ್ತು. ಬಚ್ಚಲಿಗೆ ಸುರಿದೋಳೇ ನಾನು."

"ಯಾಕೆ ಹೇಳಲಿಲ್ಲ ಚಿಕ್ಕಮ್ಮ? ನನಗಾದ್ರೂ?"

"ಹೇಳಿದ್ರೆ ಜೈಲು ಅಂದ್ಲು. ಕೂಸಿನ ಮೈಮೇಲಿಂದ ಬಿಚ್ಚಿಸ್ಕೊಂಡು ಹೋಗ್ತಾರೆ ಅಂದ್ಲು. ಆಮೇಲೆ ಕೂಸು ದೊಡ್ಡದಾಯ್ತು, ನನಗೆ ಬಾಯಿ ಬಿಡೋ ಧೈರ್ಯ ಚಿಕ್ಕದಾಯ್ತು." ಚಿಕ್ಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮಗಳ ಸಂಶಯ ಇನ್ನೂ ಇಳಿಯಲಿಲ್ಲ. ಬರೀ ಬಿಳಿ ಬಟ್ಟೆಗೆ ಆ ಮುದುಕ ಯಾಕೆ ಹೆದರಬೇಕು? ಅಜ್ಜಿಯ ಕತೆಯಲ್ಲಿ ರಾಕ್ಷಸನ ಜೀವ ಗಿಳಿಯ ಕೊರಳಲ್ಲಿರುವಂತೆ ಇದರೊಳಗೆ ಅವನದ್ದೇನೋ ಇರಬೇಕು. ಅವಳು ಅಂಗಿಯನ್ನು ಒಳಹೊರಗು ಮಾಡಿದಳು. ಬೆನ್ನಿನ ಭಾಗದಲ್ಲಿ ನೇರಳೆ ಬಣ್ಣದ ಒಂದು ಗುರುತು.

"ಅದಾ? ಬಟ್ಟೆ ಅಂಗಡಿಯವರ ಮುದ್ರೆ," ಎಂದಳು ಓದಲು ಬಾರದ ಚಿಕ್ಕಮ್ಮ. "ಎಷ್ಟು ಉಜ್ಜಿದ್ರೂ ಹೋಗಲಿಲ್ಲ."

ಗಂಜಿಯ ಮೇಲಿನ ಗೆರೆಗಳು ಹೋಗಿದ್ದವು. ಇದು ನೂಲಿಗೆ ಇಳಿದಿತ್ತು. ಮಗಳು ಕಿಟಕಿಯ ಬೆಳಕಿಗೆ ಹಿಡಿದು ಓದಿದಳು: *ಸುಡತಕ್ಕದ್ದು. ಭದ್ರತಾ ಅಧಿಕಾರಿ.* ಕೆಳಗೆ ರುಜು, ತಾರೀಖು.

ನನ್ನ ಹತ್ತಿರ ಬರಲೇ ಇಲ್ಲ ಎಂದು ಗೂಬೆ ಸಾಹೇಬ ಬರೆದುಕೊಟ್ಟಿದ್ದ ಬಟ್ಟೆ. ಮುದ್ರೆಯೊತ್ತಿ, ಕುಲುಮೆಯವರೆಗೆ ನಡೆಯಲು ಬೇಸರವಾಗಿ, ನೀನೇ ಹಾಕು ಹೋಗು ಎಂದು ಅಮ್ಮನ ಕೈಗೇ ಕೊಟ್ಟಿರಬೇಕು. ಅಮ್ಮ ಇದನ್ನು ತೋರಿಸಿದರೆ ಕಳ್ಳಿಯ ಪಟ್ಟ, ತೋರಿಸದಿದ್ದರೆ ದ್ರೋಹಿಯ ಪಟ್ಟ.

ಹೊರಗೆ ವಾಹನದ ಸದ್ದಾಯಿತು. "ಕೊನೇ ಸಲ ನೋಡೋರೆಲ್ಲ ಸಾಲಾಗಿ ಬನ್ನಿ," ಎಂದು ಡುಮ್ಮ ಕೂಗಿದ.

ಮಗಳು ಹೊರಬಂದು ಅಂಗಿಯನ್ನು ತಾಯಿಯ ಎದೆಯ ಮೇಲೆ ಹರಡಿದಳು, ಮುದ್ರೆ ಕಾಣುವಂತೆ ಒಳಮೈ ಮೇಲಾಗಿ.

ಸಾಲಿನ ಮೊದಲಿಗೆ, ತಾಯಿಯ ಪಕ್ಕದ ಮೇಜಿನಲ್ಲಿ ಹನ್ನೊಂದು ವರ್ಷ ಗೆರೆ ಎಳೆದಿದ್ದ ಮುದುಕಿಯಿದ್ದಳು. ಕನ್ನಡಕ ಹಾಕಿಕೊಂಡು ಬಗ್ಗಿದಳು. ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿದಳು, ಓದಿದಳು, ಮತ್ತೊಮ್ಮೆ ಓದಿದಳು. ತಲೆಯೆತ್ತಿ ಸಾಲಿನುದ್ದಕ್ಕೂ ಕಣ್ಣಾಡಿಸಿ ಒಂದು ಮುಖದ ಮೇಲೆ ನಿಲ್ಲಿಸಿದಳು. ಅವಳ ಹಿಂದಿನ ಫಿಟ್ಟರ್ ಓದಿದ. ಅವನೂ ತಿರುಗಿ ನೋಡಿದ.

ಸಾಲು ಮುಂದೆ ಸರಿಯಿತು. ಗೂಬೆ ಸಾಹೇಬ ಸರಿಯಲಿಲ್ಲ. ಎರಡೂ ಕೈಯಲ್ಲಿ ಹಾರ ಹಿಡಿದು ನಿಂತೇ ಇದ್ದ. ಹಿಂದಿನವರು ಒಬ್ಬೊಬ್ಬರಾಗಿ, ಮೈ ತಾಗದಂತೆ, ಅವನನ್ನು ಬಳಸಿಕೊಂಡು ಮುಂದೆ ಹೋಗತೊಡಗಿದರು.