ಕರಿಬಿಲ್ಲೆ ಬಿಸಿಯಾದ ದಿನ

ನಾನೊಂದು ಪಕ್. ಐಸ್ ಹಾಕಿಯಲ್ಲಿ ಚೆಂಡಿನ ಬದಲು ಏಟು ತಿನ್ನುವ ಕರಿ ರಬ್ಬರ್ ಬಿಲ್ಲೆ. ಅಚ್ಚಿನಿಂದ ಹೊರಬಿದ್ದ ಕೂಡಲೇ ಒಬ್ಬ ನನ್ನನ್ನು ನೆಲಕ್ಕೆ ಕುಕ್ಕಿ ನೋಡಿದ. ಅಂದಿನಿಂದ ನಾನು ಯಾರನ್ನೂ ನಂಬಿದವನಲ್ಲ.

ಬೆಂಗಳೂರಿನ ಒಂದು ಮಾಲ್‌ನ ಮೇಲ್ಮಹಡಿಯ ಐಸ್ ಅಂಗಳಕ್ಕೆ ಬಂದೆ. ಅಲ್ಲಿ ‘ಹಿಮಗರುಡ’ ಎಂಬ ತಂಡ ಆಗಷ್ಟೇ ಹುಟ್ಟಿತ್ತು. ನಾಲ್ಕೇ ತಂಡಗಳ ಪುಟ್ಟ ಲೀಗು. ಪಂದ್ಯಕ್ಕೆ ಮುಂಚೆ ನನ್ನನ್ನು ಫ್ರಿಜ್‌ನಲ್ಲಿ ಕೂಡಿಹಾಕುತ್ತಿದ್ದರು. ನಾನೇನು ಕದ್ದಿದ್ದೆ? ಆಮೇಲೆ ತಿಳಿಯಿತು, ತಣ್ಣಗಿದ್ದರೆ ನಾನು ನೆಟ್ಟಗೆ ಜಾರುತ್ತೇನೆ, ಬೆಚ್ಚಗಾದರೆ ಪುಟಿಯುತ್ತೇನೆ. ಫ್ರಿಜ್ಜಿನ ಬೀಗದ ಕೈ ಗೋಲ್‌ಕೀಪರ್ ನಾಣಯ್ಯನ ಬಳಿ ಇತ್ತು. ಕೊಡಗಿನವನು, ಹುಲ್ಲಿನ ಮೇಲೆ ಹಾಕಿ ಆಡಿ ಬೆಳೆದವನು. ಅಷ್ಟು ಮೆತ್ತಗೆ ಮಾತಾಡುವವರನ್ನು ಕಂಡರೆ ನನಗೆ ಅನುಮಾನ ಜಾಸ್ತಿ.

ಮೊದಲ ವರ್ಷವೇ ಫೈನಲ್‌ಗೆ ಬಂದೆವು. ಮಾಲ್‌ನ ಮ್ಯಾನೇಜರ್ ಬಂದು, “ಗೆದ್ರೆ ಅಂಗಳ ಇರುತ್ತೆ. ಸೋತ್ರೆ ಇಲ್ಲಿ ಸೋಫಾ ಅಂಗಡಿ ಬರುತ್ತೆ, ಆಮೇಲೆ ನನ್ನ ಕೇಳ್ಬೇಡಿ” ಎಂದ.

ಫೈನಲ್ ದಿನ, ಆಟಕ್ಕೆ ಅರ್ಧ ಗಂಟೆ ಇರುವಾಗ ನಾಣಯ್ಯ ಆಚೀಚೆ ನೋಡಿ ನನ್ನನ್ನು ಜೇಬಿಗಿಳಿಸಿದ. ಅಯ್ಯೋ, ಕಳ್ಳ! ಪ್ರೇಕ್ಷಕರ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದ ಮುದುಕರೊಬ್ಬರ ಅಂಗೈಗೆ ಇಟ್ಟ. ಅವರು ನನ್ನನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, ಕಣ್ಣುಮುಚ್ಚಿ ಏನೋ ಗುಣುಗುಣಿಸಿದರು. ಬಿಡಲೇ ಇಲ್ಲ. ನಾಣಯ್ಯ ನಿಂತೇ ಇದ್ದ, ವಾಪಸ್ ಕೇಳಲಿಲ್ಲ. ತಂಡವನ್ನು ಕೂಗಿದಾಗಲೇ ನನ್ನನ್ನು ಓಡೋಡಿ ತಂದು ರೆಫರಿಗೆ ಕೊಟ್ಟ. ಬಾಜಿ ಕಟ್ಟುವವನ ಜೊತೆ ಸೇರಿಕೊಂಡನಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಎರಡನೇ ನಿಮಿಷದಲ್ಲಿ ಎದುರಾಳಿಯಿಂದ ಒಂದು ಸುಲಭದ ಹೊಡೆತ. ಆ ಅಂಗೈಗಳ ಬಿಸಿ ಇನ್ನೂ ಆರದ ನಾನು ಪುಟಿದು, ನಾಣಯ್ಯನ ಕೋಲಿನ ಮೇಲಿಂದ ಹಾರಿ ಗೋಲಿಗೆ ಬಿದ್ದೆ. ಆಮೇಲೆ ಐಸ್ ಮೇಲೆ ತಣ್ಣಗಾಗಿ ನೆಟ್ಟಗೇ ಜಾರಿದೆ, ಏನು ಬಂತು? ಆ ಒಂದೇ ಗೋಲಿಗೆ ಸೋತೆವು.

“ಪಕ್ ನಿನ್ನ ಜೇಬಿಂದ ಬಂದಿದ್ದು ನಾನೇ ನೋಡಿದೆ. ಯಾರಿಗೆ ಮಾರ್ಕೊಂಡ್ಯೋ ನಮ್ಮನ್ನ?” ಎಂದು ನಾಯಕ ಶ್ರೀವತ್ಸ ಎಲ್ಲರೆದುರೇ ಕೇಳಿದ. ನಾಣಯ್ಯ ಪ್ರೇಕ್ಷಕರ ಕಡೆ ಒಮ್ಮೆ ನೋಡಿದ. ಬಗ್ಗಿ ಸ್ಕೇಟಿನ ದಾರ ಬಿಚ್ಚತೊಡಗಿದ. ಇನ್ನೇನು ಸಾಕ್ಷಿ ಬೇಕು ಎಂದುಕೊಂಡೆ. ಹಿಮಗರುಡ ಏಳೇ ತಿಂಗಳಿಗೆ ಮುಗಿಯಿತು. ಮತ್ತೆಂದೂ ನಾಣಯ್ಯನನ್ನು ಯಾರೂ ಆಟಕ್ಕೆ ಕರೆಯಲಿಲ್ಲ.

ಅಂಗಳ ಮುಚ್ಚಿದಾಗ ಅವನೇ ನನ್ನನ್ನು ಎತ್ತಿಕೊಂಡು ಬಂದ, ಈಗ ನಾನು ನಾಣಯ್ಯನ ಮನೆಯ ಶೋಕೇಸಿನಲ್ಲಿದ್ದೇನೆ. ಇಲ್ಲಿಗೆ ಬಂದ ದಿನವೇ ಆ ಶಾಲು ಕಂಡೆ. ಮುದುಕರು ಬಾಜಿಯವರಲ್ಲ, ಅವನ ಅಪ್ಪ. ಒಂದು ಕಾಲಕ್ಕೆ ತಮ್ಮ ಮನೆತನದ ಹಾಕಿ ತಂಡಕ್ಕೆ ಆಡಿದವರು. ದೊಡ್ಡ ಪಂದ್ಯದ ದಿನ ಹಿರಿಯರು ಚೆಂಡನ್ನು ಕೈಯಲ್ಲಿ ಹಿಡಿದು ಹರಸಿ ಕೊಡುವುದು ಅವರ ಮನೆಯ ರೂಢಿಯಂತೆ.

“ನಾನು ಹರಸಿ ಕೊಟ್ಟೂ ಸೋತದ್ದು ಎಂತ ಮಾರಾಯ?” ಎಂದು ಅವರು ಈಗಲೂ ಕೇಳುತ್ತಾರೆ.

“ನನ್ನ ಕಣ್ಣು ತಪ್ಪಿತು ಅಪ್ಪ. ನಿಮ್ಮ ಕೈಯದ್ದು ಎಂತ ತಪ್ಪೂ ಇಲ್ಲ.”

ಹಾಗೆಂದು ನಾಣಯ್ಯ ನನ್ನ ಕಡೆ ಒಂದು ನೋಟ ಹಾಯಿಸುತ್ತಾನೆ. ನಾನೆಲ್ಲಿ ಬಾಯಿ ಬಿಡುತ್ತೇನೋ ಎಂದು ಈಗ ಅವನಿಗೆ ಅನುಮಾನ. ಇಲ್ಲ ಕಣೋ, ಹೇಳುವುದಿಲ್ಲ.