ಹನ್ನೊಂದು ಪುಟ

"ಸಿನಿಮಾನೇ ವಾಸಿ ಬಿಡೇ. ಆ ಪುಸ್ತಕ ಓದಾಕೆ ಹೋಗಿ ನಂಗೆ ಎರಡು ಸಲ ನಿದ್ದೆ ಬಂದಿತ್ತು," ಎನ್ನುತ್ತ ಮಮತಾ ಸ್ಟೀಲ್ ಲೋಟಕ್ಕೆ ಒರಗಿಸಿದ್ದ ಮೊಬೈಲನ್ನು ಎತ್ತಿಕೊಂಡಳು.

ಲೋಕದ ನೀರೆಲ್ಲ ವಿಷವಾದ ಮೇಲೆ ಒಬ್ಬ ತಾಯಿ, ಒಬ್ಬ ಮಗಳು ನಡೆದೇ ನಡೆಯುವ ಕಥೆ ಅದು. ಅಫ್ಶೀನ್ ಆ ಕಾದಂಬರಿಯನ್ನು ದಿನಾ ಮಧ್ಯಾಹ್ನ ತನ್ನ ತಾಯಿ ಜಹೀದಾಗೆ ಓದಿ ಹೇಳಿ ಹೋದ ವಾರವಷ್ಟೇ ಮುಗಿಸಿದ್ದಳು. ಅದರ ಡಬ್ ಆದ ಸಿನಿಮಾ ತೋರಿಸಲೆಂದೇ ಕಾಲೇಜಿನ ಗೆಳತಿ ಮಮತಾ ತ್ಯಾವಣಿಗೆಯಿಂದ ಬಸವಾಪಟ್ಟಣಕ್ಕೆ ಬಂದಿದ್ದಳು. ಮೂವರೂ ಒಂದೇ ಮಂಚದ ಮೇಲೆ ಕೂತು ನೋಡಿದ್ದರು. ಜಹೀದಾ ಮಾತ್ರ ದಿಂಬಿಗೆ ಒರಗಿ. ಹೊಟ್ಟೆಯೊಳಗಿನ ಗಡ್ಡೆ ಅವಳನ್ನು ನೆಟ್ಟಗೆ ಕೂರಗೊಡುತ್ತಿರಲಿಲ್ಲ.

"ಪುಸ್ತಕದಾಗೆ ಆ ಹುಡುಗಿ ಹೆದ್ರಿಕೆ ನಮಗೆ ಗೊತ್ತಾಗ್ತೈತೆ. ಇಲ್ಲಿ ಬರೀ ಮುಖ ಕಾಣ್ತೈತೆ," ಎಂದಳು ಅಫ್ಶೀನ್, ಚಾದರದ ಅಂಚು ಹಿಂಜುತ್ತ.

"ಓಹೋ, ಬಂದ್ರಪ್ಪ ಲೆಕ್ಚರರ್ರು! ಅಲ್ಲೇ, ಒಂದು ಒಳ್ಳೇದ್ ಮಾಡ್ಯಾರೆ. ತಾಯಿ ಬೀಳ್ತಾಳೆ, ಮುಂದಿನ ಸೀನಿಗೆ ಮಗಳು ಗುಡ್ಡದ ಮ್ಯಾಲೆ. ಪುಸ್ತಕದಾಗೆ ಆ ಹೆಣ ತೊಳೆಯೋದನ್ನ ಹನ್ನೊಂದು ಪುಟ ಎಳೆದಿಲ್ವಾ?"

ಅಫ್ಶೀನ್ ಕಣ್ಣಲ್ಲೇ ತಡೆಯುವಷ್ಟರಲ್ಲಿ ಮಾತು ಮುಗಿದುಹೋಗಿತ್ತು.

"ಯಾವ ತೊಳೆಯೋದು?" ಜಹೀದಾ ಕೇಳಿದಳು.

ಮಮತಾ ಇಬ್ಬರ ಮುಖವನ್ನೂ ನೋಡಿದಳು. ನಾಲ್ಕರ ಬಸ್ಸು ನೆನಪಾಯಿತೆಂದು ಚಪ್ಪಲಿ ಮೆಟ್ಟಿದಳು.

ಇಪ್ಪತ್ತೆರಡು ವರ್ಷ ಊರಿನಲ್ಲಿ ತೀರಿಹೋದ ಹೆಂಗಸರಿಗೆಲ್ಲ ಕೊನೆಯ ಸ್ನಾನ, ಗುಸ್ಲ್, ಮಾಡಿಸಿದವಳು ಜಹೀದಾ. ಹಾಗೆ ಹೋಗಿ ಬಂದ ದಿನ ತಾಯಿ ಎಷ್ಟು ಕೈ ತೊಳೆದು ಅನ್ನ ಕಲಸಿದರೂ ಆ ತುತ್ತನ್ನು ಚಿಕ್ಕಂದಿನ ಅಫ್ಶೀನ್ ಬಾಯಿಗಿಡುತ್ತಿರಲಿಲ್ಲ. ಇನ್ನು ಔಷಧಿ ಸಾಕೆಂದು ಡಾಕ್ಟರು ಹೇಳಿದ ದಿನ, ಬರುವಾಗ ಆಟೋದಲ್ಲೇ ಜಹೀದಾ ಅಂದಿದ್ದಳು: "ನಂಗೆ ನೀನೇ ಗುಸ್ಲ್ ಮಾಡ್ಸವ್ವ. ಬ್ಯಾರೇರ ಕೈ ಬ್ಯಾಡ." ಅಫ್ಶೀನ್ ರಸ್ತೆ ನೋಡುತ್ತ ಕೂತಿದ್ದಳು. ಎಲ್ಲವನ್ನೂ ಬರೆದಿಡುವ ಡೈರಿಯಲ್ಲೂ ಅದೊಂದನ್ನು ಬರೆದಿರಲಿಲ್ಲ. ಆ ಮಾತು ಮತ್ತೆ ಬಂದಿರಲಿಲ್ಲ.

"ಆ ಪುಟ ಬಿಟ್ಟು ಓದಿದ್ಯಾ?" ಮಮತಾ ಹೋದ ಮೇಲೆ ಜಹೀದಾ ಕೇಳಿದಳು.

"ಹೂಂ, ಅಮ್ಮಿ."

"ಸಿನಿಮಾದೋರೂ ಬಿಟ್ಟಾರೆ. ಎಲ್ರಿಗೂ ಅದೊಂದು ಬ್ಯಾಡ ನೋಡು." ಜಹೀದಾ ನಗಲು ಹೋಗಿ ಕೆಮ್ಮಿದಳು. "ಯಾ ಅಲ್ಲಾ, ಹೆತ್ತ ತಾಯೀನ ನಾಯಿ ನರಿಗೆ ಬಿಟ್ಟು ಹೋದ್ಲಲ್ಲ ಈ ಹುಡುಗಿ ಅಂತ ಒಂದು ವಾರದಿಂದ ನಂಗೆ ಅದೇ ಸಂಕಟ. ಓದೀಗ."

ಅಫ್ಶೀನ್ ಪುಸ್ತಕ ತಂದಳು. ಬಿಟ್ಟಿದ್ದ ಪುಟ ತೆಗೆದು ಓದತೊಡಗಿದಳು. ಕಥೆಯ ಹುಡುಗಿ ನೀರಿಲ್ಲದೆ ನುಣ್ಣನೆಯ ಮಣ್ಣು ಜರಡಿ ಹಿಡಿದು, ತಾಯಿಯ ಎಡಗೈ ಎತ್ತಿ—

"ಬಲಗೈ ಮೊದ್ಲು. ಬರೆದೋನಿಗೆ ತಿಳೀದು. ಆದ್ರೆ ನೀರಿಲ್ದಾಗ ಮಣ್ಣು ನಡೀತೈತೆ, ಅದು ಖರೆ. ಮೈಮ್ಯಾಲೆ ಬಟ್ಟೆ ಹಾಕ್ಯಾಳಾ?"

"ಹಾಕ್ಯಾಳೆ."

"ಶಾಣ್ಯಾಕೆ. ಮುಂದಕ್ಕೋದು."

ಪ್ರತಿ ಸಾಲಿಗೂ ಜಹೀದಾ ಅಡ್ಡ ಬಾಯಿ ಹಾಕಿದಳು. ತಲೆ ಹೆಂಗೆ ಎತ್ತಬೇಕು, ಹೊಟ್ಟೆಯನ್ನು ಎಷ್ಟು ಮೆಲ್ಲಗೆ ಸವರಬೇಕು, ನೀರಿದ್ದರೆ ಕರ್ಪೂರದ ನೀರು ಯಾವಾಗ. ಒಂಬತ್ತನೇ ಪುಟಕ್ಕೆ ಅಕ್ಷರಗಳು ಕಲಸಿಹೋದವು. ಅಫ್ಶೀನ್ ಪುಸ್ತಕವನ್ನು ಕವುಚಿಟ್ಟು ತಾಯಿಯ ಬಲಗೈಯ ಮಣಿಕಟ್ಟು ಹಿಡಿದಳು.

"ಅಷ್ಟು ಗಟ್ಟಿ ಹಿಡೀಬ್ಯಾಡ. ಸತ್ತೋರಿಗೆ ನೋವಾಗ್ತೈತೆ."

ಅಫ್ಶೀನ್ ಬೆರಳು ಸಡಿಲಿಸಿದಳು. ಜಹೀದಾ ಕಣ್ಣು ಮುಚ್ಚಿ, ಕೈಯ ಭಾರವನ್ನೆಲ್ಲ ಮಗಳ ಅಂಗೈಗೆ ಬಿಟ್ಟಳು.